ಮೂಲೆಕಿವಿಯ ಅಭಿಪ್ರಾಯ

ಕಿವಿಯಲ್ಲಿ ಯಾರ ದನಿಯೂ ಇಲ್ಲದೆ ಅವನು ಕೆಲಸಕ್ಕೆ ಕುಳಿತದ್ದು ಮೂರು ವರ್ಷಗಳಲ್ಲಿ ಅದೇ ಮೊದಲು. ಮೆರುಗು ಕೊಡುವ ಯಂತ್ರದ ಬಟ್ಟೆಚಕ್ರ ಗುಂಯ್ ಎಂದು ಸುತ್ತುತ್ತಿತ್ತು. ಅದರ ಸದ್ದು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತೇ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಪ್ಲಾಸ್ಟರ್ ಕಲಸುತ್ತ ಬಟ್ಟಲನ್ನು ಮೇಜಿಗೆ ಕುಟ್ಟುತ್ತಿದ್ದರು. ನಲ್ಲಿ ಮೂರು ಹನಿ ಉದುರಿಸಿ, ಸ್ವಲ್ಪ ಯೋಚಿಸಿ, ಮತ್ತೆ ಮೂರು ಹನಿ ಉದುರಿಸುತ್ತಿತ್ತು. ಇವೆಲ್ಲ ಮೂರು ವರ್ಷವೂ ಇಲ್ಲೇ ಇದ್ದವು, ತಾನು ಕಿವಿ ತೆರೆಯುವುದನ್ನೇ ಕಾಯುತ್ತ ಕುಳಿತಿದ್ದವು ಅನ್ನಿಸಿತು. ಹೆಬ್ಬೆರಳು ತೋರುಬೆರಳುಗಳ ನಡುವೆ ನಾಲ್ಕು ಹಲ್ಲುಗಳ ಒಂದು ಸೆಟ್ಟು ಇತ್ತು: ಮೇಲಿನ ಸಾಲಿನ ಮುಂದಿನ ನಾಲ್ಕು, ಅಂಗುಳಿಗೆ ಅಂಟಿಕೊಳ್ಳುವ ತೆಳು ಗುಲಾಬಿ ತಗಡಿನೊಂದಿಗೆ. ಚಕ್ರಕ್ಕೆ ಒತ್ತಿದಾಗ ಅದು ಬಿಸಿಯಾಗುತ್ತಿತ್ತು. ಬಾಯಿಯೊಳಗಿಂದ ಈಗಷ್ಟೇ ತೆಗೆದದ್ದರಂತೆ.

"ಏನಪ್ಪಾ, ಇವತ್ತು ಕಿವಿಗೆ ರಜಾನಾ?" ಎಂದ ಎದುರು ಮೇಜಿನ ಮೇಣದಣ್ಣ. ಇಪ್ಪತ್ತೆಂಟು ವರ್ಷದಿಂದ ಆ ಲ್ಯಾಬಿನಲ್ಲಿ ಮೇಣದ ಮೇಲೆ ಹಲ್ಲು ಕೂರಿಸುತ್ತಿದ್ದುದರಿಂದ ಆ ಹೆಸರು. ಸ್ವಂತ ಹೆಸರು ಅವನಿಗೇ ಮರೆತಿದೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು.

"ಚಾರ್ಜ್ ಇಲ್ಲ."

"ಫೋನಿಗೋ, ನಿನಗೋ?" ಮೇಣದಣ್ಣ ಚಾಕುವನ್ನು ಉರಿಗೆ ಹಿಡಿದ. "ಅದು ಇಲ್ದೇ ಇದ್ರೆ ನಿನ್ನ ಮುಖ ಹೆಂಗಿದೆ ಗೊತ್ತಾ? ಕವಚ ಕಳ್ಕೊಂಡ ಆಮೆ ಹಂಗೆ. ಹೋಗ್ಲಿ, ನಂಗಾದ್ರೂ ಒಂದು ಕಥೆ ಹೇಳು. ಇಷ್ಟು ಕೇಳಿದೀಯಲ್ಲ."

ಅವನು ನಕ್ಕಂತೆ ಮಾಡಿದ. ಅವನಿಗೆ ಒಂದು ಕಥೆಯೂ ನೆನಪಿರಲಿಲ್ಲ. ಅದು ನಿಜವಾಗಿ ಹೆದರಿಕೆಯ ಸಂಗತಿ. ಇನ್ನೂರ ಹದಿನಾಲ್ಕು ಪುಸ್ತಕ ಕೇಳಿದ್ದ, ಒಂದೊಂದರ ಬಗ್ಗೆಯೂ ಅಭಿಪ್ರಾಯ ಬರೆದಿದ್ದ, ಆದರೆ ಯಾರು ಯಾರನ್ನು ಮದುವೆಯಾದರು, ಯಾರು ಸತ್ತರು ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು. ಅವನಿಗೆ ನೆನಪಿದ್ದುದು ಓದಿದವರು. ಒಬ್ಬ ಇದ್ದ, ಗಂಟಲಾಳದ ದನಿಯವನು. ಹೆಂಗಸರ ಮಾತು ಬಂದಾಗಲೆಲ್ಲ ದನಿ ತೆಳ್ಳಗೆ ಮಾಡಿ ಎಲ್ಲ ಹೆಂಗಸರಿಗೂ ನೆಗಡಿ ಅಂಟಿಸುತ್ತಿದ್ದ. ಇನ್ನೊಬ್ಬ ಮೊದಲ ಪುಟದಿಂದಲೇ ಕೊನೆಯ ಪುಟ ಗೊತ್ತಿರುವವನಂತೆ ಓದುತ್ತಿದ್ದ. ಸಾಯಲಿರುವವನಿಗೆ ಎರಡನೇ ಅಧ್ಯಾಯದಲ್ಲೇ ಅನುಕಂಪ. ಓದುವವನಿಗೆ ಕಥೆ ಗೊತ್ತಿರಬಹುದು, ಅವನ ದನಿಗೆ ಗೊತ್ತಿರಬಾರದು ಎಂದು ಅವನು ಬರೆದಿದ್ದ. ಮತ್ತೊಬ್ಬಳು ಅಳುವ ಜಾಗ ಬಂದರೆ ತಾನೇ ಮೊದಲು ಅತ್ತು ಕೇಳುವವರಿಗೆ ಏನೂ ಉಳಿಸುತ್ತಿರಲಿಲ್ಲ. ಇವನ್ನೆಲ್ಲ ಅವನು ಪುಸ್ತಕ ಕೇಳಿಸುವ ಆ್ಯಪಿನಲ್ಲಿ 'ಮೂಲೆಕಿವಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಊಟದ ಬಿಡುವಿನಲ್ಲಿ, ಕಕ್ಕಸಿನ ಪಕ್ಕದ ಕಿರುದಾರಿಯಲ್ಲಿ, ಗೋಡೆಗೆ ಒರಗಿ. ಪ್ಲಾಸ್ಟರ್ ಮೆತ್ತಿದ ಬೆರಳಿಗೆ ಫೋನಿನ ಗಾಜು ಸ್ಪಂದಿಸದೆ ಎಷ್ಟೋ ಸಲ ಬೆರಳು ನೆಕ್ಕಿಕೊಂಡು ಬರೆದದ್ದುಂಟು. ಮನೆಯಲ್ಲಾಗಲಿ ಲ್ಯಾಬಿನಲ್ಲಾಗಲಿ ಯಾರೂ ಅವನ ಅಭಿಪ್ರಾಯ ಕೇಳುತ್ತಿರಲಿಲ್ಲ. ಕಿಟಕಿ ಪರದೆಗೆ ಯಾವ ಬಣ್ಣ ಎಂದು ಹೆಂಡತಿ ಕೇಳಿದರೂ, ಅವನು ಬಾಯಿ ತೆರೆಯುವಷ್ಟರಲ್ಲಿ ಬಣ್ಣ ತೀರ್ಮಾನವಾಗಿರುತ್ತಿತ್ತು. ಮೂಲೆಕಿವಿಯನ್ನು ಮಾತ್ರ ನೂರಾರು ಜನ ಕಾದು ಓದುತ್ತಿದ್ದರು. ಆತನ ಕಿವಿಗೆ ಏನೂ ತಪ್ಪುವುದಿಲ್ಲ ಎಂದು ಒಬ್ಬರು ಬರೆದಿದ್ದರು. ಆ ಮಾತನ್ನು ಅವನು ಬಚ್ಚಿಟ್ಟ ಮಿಠಾಯಿಯಂತೆ ದಿನಗಟ್ಟಲೆ ಚೀಪಿದ್ದ.

ಅವನು ಚಕ್ರ ನಿಲ್ಲಿಸಿ ಸೆಟ್ಟನ್ನು ಬೆಳಕಿಗೆ ಹಿಡಿದ. ಹಲ್ಲುಗಳ ಹಿಂದೆ, ನಾಲಿಗೆಯ ತುದಿ ತಾಗುವ ಕಡೆ, ಒಂದು ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ಸಕಾರ ಸಿಳ್ಳೆಯಾಗುತ್ತದೆ. ಕಮ್ಮಿಯಾದರೆ ಸೋರುತ್ತದೆ. ಮೇಲಿನ ಕೆಳಗಿನ ಹಲ್ಲುಗಳ ನಡುವೆ ಒಂದು ತೆಳು ಕಾಗದ ಹೋಗುವಷ್ಟೇ ಸಂದು ಬೇಕು, ಗಾಳಿ ಅಲ್ಲಿಂದಲೇ ಹೊರಡಬೇಕು. ಸೋಮವಾರ ಅಚ್ಚಿನ ಜೊತೆ ಬಂದ ಚೀಟಿಯಲ್ಲಿ ಹಲ್ಲಿನ ಡಾಕ್ಟರಮ್ಮ ಬರೆದಿದ್ದರು: ಕೆಲಸ, ಪುಸ್ತಕ ಓದುವುದು. ಸ, ಶ ನೋಡಿಕೊಳ್ಳಿ. ಶುಕ್ರವಾರ ಇವರಿಗೆ ಹೊಸ ಪುಸ್ತಕಕ್ಕೆ ದನಿ ಪರೀಕ್ಷೆ ಇದೆ, ಗುರುವಾರ ಸೆಟ್ಟು ಬೇಕೇ ಬೇಕು. ಮೇಲೆ ಹೆಸರು. ಆ ಹೆಸರನ್ನು ಅವನು ಓದುವ ಮೊದಲೇ ಕೇಳಿಸಿಕೊಂಡಿದ್ದ. ಹನ್ನೊಂದು ಪುಸ್ತಕಗಳ ಮೊದಲ ನಿಮಿಷದಲ್ಲಿ ಆಕೆಯೇ ಹೇಳುವ ಹೆಸರು, "ಓದುತ್ತಿರುವವರು" ಎಂದು ಒಂದು ಚಣ ನಿಲ್ಲಿಸಿ, ಸ್ವಲ್ಪ ನಾಚಿಕೆಯಿಂದ ಹೇಳುವ ಹೆಸರು. ಅವನ ಅಂಗೈಯಲ್ಲಿ ಆಕೆಯ ಬಾಯಿ ಇತ್ತು, ಬಿಳಿ ಪ್ಲಾಸ್ಟರಿನದು, ತೆರೆದೇ ಇದ್ದದ್ದು. ಮುಂದೆ ನಾಲ್ಕು ಹಲ್ಲಿನ ಜಾಗದಲ್ಲಿ ಬೋಳು ದಿಣ್ಣೆ. ಅವನು ಅದನ್ನು ತಿರುಗಿಸಿ ಬಟ್ಟೆ ಮುಚ್ಚಿಟ್ಟ. ಅಚ್ಚಿನ ಮೇಲೆ ಬಟ್ಟೆ ಮುಚ್ಚುವುದು ಅಲ್ಲಿ ಯಾರೂ ಮಾಡುವ ಕೆಲಸವಲ್ಲ. "ಏನು, ಹೆಣಾನಾ ಅದು?" ಎಂದು ಮೇಣದಣ್ಣ ಕೇಳಿದ್ದ.

ಆಕೆಯ ಬಗ್ಗೆ ಬರೆದ ಅಭಿಪ್ರಾಯ ಅವನಿಗೆ ಅಕ್ಷರ ಬಿಡದೆ ಬಾಯಿಪಾಠವಿತ್ತು. 'ಒಂಬತ್ತನೇ ಅಧ್ಯಾಯದಿಂದ ಈಕೆ ಬೆನ್ನಟ್ಟಿಸಿಕೊಂಡವರಂತೆ ಓಡುತ್ತಾರೆ. ಉಸಿರು ಅಕ್ಷರವನ್ನು ನುಂಗುತ್ತದೆ. ಸಕಾರ ಸೋರುತ್ತದೆ. ಹಲ್ಲು ಅಲುಗುವ ಬಾಯಿಗೆ ಕಥೆ ಕೊಡಬಾರದು.' ಅದನ್ನು ಬರೆದ ದಿನ ಬೆಳಿಗ್ಗೆ ಒಬ್ಬ ಡಾಕ್ಟರು ಅವನು ಮಾಡಿದ ಸೆಟ್ಟನ್ನು ವಾಪಸು ಕಳಿಸಿ ಚೀಟಿಯಲ್ಲಿ 'ಮಾಡಿದವರಿಗೆ ಕಣ್ಣಿಲ್ಲವೆ' ಎಂದು ಬರೆದಿದ್ದರು. ಯಜಮಾನರು ಆ ಚೀಟಿಯನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿದ್ದರು. ಕಣ್ಣಿಲ್ಲದಿದ್ದರೇನು ಎಂದು ಅವನು ಕಿರುದಾರಿಗೆ ಹೋಗಿ ಕಿವಿಯಿಂದ ಸೇಡು ತೀರಿಸಿಕೊಂಡಿದ್ದ. ಕೊನೆಯ ವಾಕ್ಯ ಬಂದಾಗ ಅವನಿಗೆ ಎಂಥ ಸುಖವಾಗಿತ್ತು! ಹತ್ತು ಸಲ ಓದಿಕೊಂಡಿದ್ದ. ಸಂಜೆಯ ಹೊತ್ತಿಗೆ ನಾನ್ನೂರ ಹನ್ನೆರಡು ಜನ ಹೌದು ಹೌದು ಎಂದಿದ್ದರು. ಆಮೇಲೆ ಆಕೆಯ ಹೊಸ ಪುಸ್ತಕ ಬರಲಿಲ್ಲ. ಎಂಟು ತಿಂಗಳು. ಹಳೆಯ ಹನ್ನೊಂದನ್ನೇ ಅವನು ತಿರುಗಾ ಮುರುಗಾ ಕೇಳುತ್ತ ಹಲ್ಲು ಉಜ್ಜಿದ್ದ. ತಾನೇ ಹೊರಗೆ ಹಾಕಿದವರ ಮನೆಯಲ್ಲಿ ಬಾಡಿಗೆ ಇಲ್ಲದೆ ಕೂತಂತೆ.

ಹತ್ತೂವರೆಗೆ ಸೆಟ್ಟನ್ನು ತೊಳೆದು, ನೀರು ತುಂಬಿದ ಪುಟ್ಟ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ ಹೊರಟ. ಡಾಕ್ಟರಮ್ಮನ ಕ್ಲಿನಿಕ್ಕು ನಡೆದರೆ ಇಪ್ಪತ್ತು ನಿಮಿಷ. ಹೆಚ್ಚು ಕಷ್ಟದ ಕೆಲಸವಿದ್ದರೆ ಮಾಡಿದವನೇ ಬಂದು ಬಾಯಲ್ಲಿ ಹೇಗೆ ಕೂತಿದೆ ನೋಡಬೇಕು ಎನ್ನುವುದು ಅವರ ನಿಯಮ. ಬೇರೆ ಡಾಕ್ಟರುಗಳಿಗೆ ಅಂಥ ಶಿಸ್ತಿಲ್ಲ. ಬೀದಿಯಲ್ಲಿ ಒಂದು ಕಡೆ ಅಂಗಡಿಯ ಬಾಗಿಲು ಮೇಲೆತ್ತುತ್ತಿದ್ದರು, ಅದು ಅವನ ಎದೆಯ ಮೇಲೇ ಉರುಳಿದಂತೆ ಸದ್ದಾಯಿತು. ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಯಾರನ್ನೋ ಕೂಗಿದಳು. ಯಾರೂ ತಿರುಗಲಿಲ್ಲ. ಡಬ್ಬಿಯಲ್ಲಿ ಪ್ರತಿ ಹೆಜ್ಜೆಗೂ ಹಲ್ಲು ಪ್ಲಾಸ್ಟಿಕ್ಕಿಗೆ ತಾಗಿ ಟಿಕ್ ಎನ್ನುತ್ತಿತ್ತು. ಅವನು ಡಬ್ಬಿಯನ್ನು ಎದೆಗೆ ಒತ್ತಿಕೊಂಡ. ಆಗಲೂ ಟಿಕ್. ಏನು ಹೇಳಬೇಕು ಎನ್ನುವುದು ಅವನಿಗೆ ನಿನ್ನೆಯಿಂದ ಗೊತ್ತಿತ್ತು, ಅದು ಒಂದೇ ವಾಕ್ಯ. ಹೇಗೆ ಶುರುಮಾಡಬೇಕು ಎನ್ನುವುದು ಮಾತ್ರ ತಿಳಿಯದೆ, ಒಬ್ಬೊಬ್ಬ ಓದುವವರ ದನಿಯಲ್ಲೂ ಅದನ್ನು ಹೇಳಿ ನೋಡಿದ. ಗಂಟಲಾಳದವನ ದನಿಯಲ್ಲಿ ಅದು ಬೆದರಿಕೆಯಂತಿತ್ತು. ಅಳುವವಳ ದನಿಯಲ್ಲಿ ಹಸಿ ಸುಳ್ಳು. ಅವನದೇ ದನಿ ಹೇಗಿದೆ ಎಂದು ನೆನಪಿಸಿಕೊಳ್ಳಲು ಹೋದರೆ ಅಲ್ಲಿ ಏನೂ ಇರಲಿಲ್ಲ.

ಮೊನ್ನೆ ಮಂಗಳವಾರವೂ ಇದೇ ದಾರಿಯಲ್ಲಿ ಹೋಗಿದ್ದ, ಆದರೆ ಅಂದು ಬರೀ ಕಳವಳ. ಹೆದರಿಕೆ ಇನ್ನೂ ಹುಟ್ಟಿರಲಿಲ್ಲ. ಮೇಣದ ಮೇಲೆ ಹಲ್ಲು ಕೂರಿಸಿ ಗಟ್ಟಿ ಮಾಡುವ ಮೊದಲು ಬಾಯಲ್ಲಿಟ್ಟು ನೋಡುವ ದಿನ ಅದು. ಕುರ್ಚಿಯಲ್ಲಿ ಒರಗಿದ್ದ ಆಕೆ ಐವತ್ತರ ಆಸುಪಾಸಿನ ಹೆಂಗಸು, ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಿದ್ದರು. ಅವನು ಮೂರು ವರ್ಷದಿಂದ ಕಿವಿಯೊಳಗೆ ಇಟ್ಟುಕೊಂಡಿದ್ದ ದನಿಗೆ ಇಷ್ಟು ಚಿಕ್ಕ ಗಲ್ಲ, ಇಷ್ಟು ಸವೆದ ಚಪ್ಪಲಿ ಇರಬಹುದೆಂದು ಅವನು ಎಣಿಸಿರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದರು.

"ಇವರೇ ನೋಡಿ ನಿಮ್ಮ ಹಲ್ಲು ಮಾಡೋರು," ಎಂದಿದ್ದರು ಡಾಕ್ಟರಮ್ಮ. "ಇವರ ಕೈ ಚೆನ್ನಾಗಿದೆ, ಕಿವಿ ಇನ್ನೂ ಚೆನ್ನಾಗಿದೆ. ನನಗೆ ಕೇಳಿಸದ್ದು ಇವರಿಗೆ ಕೇಳಿಸುತ್ತೆ."

ಅವನು ನೆಲ ನೋಡಿದ್ದ.

ಮೇಣದ ಹಲ್ಲು ಹಾಕಿಕೊಂಡು ಆಕೆ ತಂದಿದ್ದ ಪುಸ್ತಕದಿಂದ ಒಂದು ಪುಟ ಓದಿದರು. ನಿಧಾನವಾಗಿ ಓದಿದರು, ಒಂದೊಂದು ಪದವನ್ನೂ ಕೆಳಗಿಟ್ಟು ಅದು ನಿಂತಿತೇ ಎಂದು ನೋಡಿ ಮುಂದಿನದನ್ನು ಎತ್ತಿಕೊಳ್ಳುವವರಂತೆ. ಇದು ಆ ದನಿಯೇ, ಆದರೆ ಆ ಓಟವಿಲ್ಲ. ತನ್ನ ಮಾತಿಗೆ ಹೆದರಿ ನಿಧಾನವಾಗಿದ್ದಾರೆ ಎಂದುಕೊಂಡ. ಅಯ್ಯೋ ಅನ್ನಿಸಿತು, ಜೊತೆಗೆ, ಸುಳ್ಳೇಕೆ, ತಿದ್ದಿದ ಮೇಷ್ಟರಿಗಾಗುವ ಸಣ್ಣ ಸಂತೋಷವೂ.

"ನೀವು ಯಾವಾಗ್ಲೂ ಇಷ್ಟು ನಿಧಾನಾನಾ ಮೇಡಂ?" ಎಂದು ಕೇಳಿಬಿಟ್ಟಿದ್ದ.

"ಯಾವಾಗ್ಲೂ. ನಮ್ಮನೇಲಿ ನನ್ನ ಆಮೆಗಾಡಿ ಅಂತಾರೆ." ಆಕೆ ನಗಲು ಹೋಗಿ ಕೈ ಅಡ್ಡ ತಂದರು. "ಆದ್ರೆ ನಾನು ಓಡ್ತೀನಿ ಅಂತ ಒಬ್ಬರು ಬರೆದ್ರು ರೀ. ಅದ್ಯಾವುದೋ ಮೂಲೆಕಿವಿ ಅಂತೆ. ನನ್ನ ಓದನ್ನ ನಾನೇ ಎಪ್ಪತ್ತು ಸಲ ಕೇಳ್ದೆ. ಎಲ್ಲಿ ಓಡಿದೀನಿ ಅಂತ ಸಿಗಲೇ ಇಲ್ಲ. ಆಮೇಲೆ ಗೊತ್ತಾಯ್ತು, ಅದು ಅಭಿಪ್ರಾಯ ಅಲ್ಲ, ದ್ವೇಷ."

"ದ್ವೇಷ ಯಾಕೆ ಇರುತ್ತೆ ಬಿಡಿ," ಎಂದರು ಡಾಕ್ಟರಮ್ಮ, ಕನ್ನಡಿ ಒರೆಸುತ್ತ.

"ಇಲ್ಲ ಡಾಕ್ಟರೇ. ಹಲ್ಲು ಅಲುಗುತ್ತೆ ಅಂತ ಬರೆದಿದ್ರು. ಆಗ ನನ್ನ ಹಲ್ಲು ಅಲುಗ್ತಾ ಇದ್ದಿದ್ದು ನಿಜ. ನಿಮ್ಮ ಹತ್ರ ಕೂಡ ಇನ್ನೂ ಬಂದಿರ್ಲಿಲ್ಲ ನಾನು. ಅದು ಗೊತ್ತಿದ್ದಿದ್ದು ಪ್ರಪಂಚದಲ್ಲಿ ಒಬ್ಬಳಿಗೆ. ನನ್ನ ತಂಗಿಗೆ. ಒಂದೇ ಮನೆ, ಒಂದೇ ಒಲೆ, ಮೂವತ್ತು ವರ್ಷ. ನಿಜಾನೂ ಗೊತ್ತಿದ್ದು, ಅದಕ್ಕೆ ಸುಳ್ಳೂ ಸೇರಿಸಿ ಬರೆಯೋರು ಇನ್ಯಾರು ಹೇಳಿ? ಅವಳಿಗೂ ಓದೋ ಆಸೆ ಇತ್ತು. ಅವಳನ್ನ ಯಾರೂ ಕರೀಲಿಲ್ಲ." ಆಕೆ ಕೈಚೀಲದ ಕೊಂಡಿಯನ್ನು ತೆಗೆದು ಹಾಕಿದರು. "ಕೇಳಿದ್ದಕ್ಕೆ ಅತ್ತಳು. ಹೊರಗೆ ಕಳಿಸ್ದೆ. ಎಂಟು ತಿಂಗಳಾಯ್ತು."

"ಆ ಹಲ್ಲು ಇನ್ನೂ ಎರಡು ಮೂರು ವರ್ಷ ಇರ್ತಿದ್ವು," ಎಂದು ಡಾಕ್ಟರಮ್ಮ ಅವನ ಕಡೆ ತಿರುಗಿ ಹೇಳಿದರು, ಕಸಬಿನವರು ಕಸಬಿನವರಿಗೆ ಹೇಳುವ ಹಾಗೆ. "ಕಟ್ಟಿ ಉಳಿಸೋಣ ಅಂದೆ. ಕೇಳಲಿಲ್ಲ. ನಾಲ್ಕೂ ಕಿತ್ತುಹಾಕಿ ಅಂತ ಹಠ."

"ಅಲುಗೋ ಬಾಯಿ ಅನ್ನಿಸಿಕೊಂಡ ಮೇಲೆ ಇನ್ನೇನು ಉಳಿಸೋದು," ಎಂದಿದ್ದರು ಆಕೆ.

ಅವನು ಮೇಣವನ್ನು ಕೆರೆದಿದ್ದ. ಮೇಲ್ಭಾಗದಲ್ಲಿ ಒಂದು ಎಳೆ, ಪಕ್ಕದಲ್ಲಿ ಅರ್ಧ ಎಳೆ. ಕೈ ನಡುಗಲಿಲ್ಲ. ಅದು ನಡುಗದೆ ಇದ್ದದ್ದೇ ಅವನನ್ನು ರಾತ್ರಿಯೆಲ್ಲ ಕಾಡಿತ್ತು. ಆದರೂ ಅಂದು ಅವನಿಗೆ ಒಂದು ಆಸರೆ ಉಳಿದಿತ್ತು. ಹಲ್ಲು ಅಲುಗಿದ್ದು ನಿಜವಲ್ಲವೆ? ಹಾಗಾದರೆ ಓಡಿದ್ದೂ ನಿಜವೇ ಇರಬೇಕು. ಆಕೆಯ ಕಿವಿಗೆ ಅದು ಸಿಕ್ಕಿಲ್ಲ, ಅಷ್ಟೆ. ತನ್ನ ತಪ್ಪನ್ನು ತಾನು ಕೇಳಿಸಿಕೊಳ್ಳುವವರು ಯಾರಿದ್ದಾರೆ?

ಆ ಆಸರೆಯನ್ನು ನಿನ್ನೆ ಸಂಜೆ ಮಗಳು ಒಂದು ಕೈಯಲ್ಲಿ ಕಿತ್ತು ಹಾಕಿದಳು. ಇನ್ನೊಂದು ಕೈಯಲ್ಲಿ ಜಡೆ ಹಿಡಿದಿದ್ದಳು, ಬಾಯಲ್ಲಿ ರಿಬ್ಬನ್ನು. ಶಾಲೆಯ ಯಾವುದೋ ಸಂದೇಶ ನೋಡಬೇಕೆಂದು ಅವನ ಫೋನು ತೆಗೆದುಕೊಂಡವಳು, "ಅಪ್ಪಾ, ಇದೇನಿದು ಒಂದೂಕಾಲು?" ಎಂದಳು.

"ಏನು ಒಂದೂಕಾಲು?"

"ಸ್ಪೀಡು. ನೀನು ಕಥೇನೆಲ್ಲ ಓಡಿಸ್ಕೊಂಡು ಕೇಳ್ತೀಯಾ?"

ಪರದೆಯ ಮೂಲೆಯಲ್ಲಿದ್ದ ಆ ಅಂಕಿಯನ್ನು ಅವನು ಮೂರು ವರ್ಷದಿಂದ ನೋಡಿದ್ದ. ಆ್ಯಪಿನದೇ ಏನೋ ನಂಬರು ಎಂದುಕೊಂಡಿದ್ದ. ಮಗಳು ಅದನ್ನು ಒಂದು ಸಲ ಒತ್ತಿದಳು. ಒಂಬತ್ತನೇ ಅಧ್ಯಾಯ ನಡೆಯುತ್ತಿತ್ತು. ಬೆನ್ನಟ್ಟಿಸಿಕೊಂಡು ಬರುತ್ತಿದ್ದ ಹೆಂಗಸು ತಟ್ಟನೆ ನಿಂತಳು. ನಿಂತು, ಸೆರಗು ಸರಿಮಾಡಿಕೊಂಡು, ಮಂಗಳವಾರ ಕುರ್ಚಿಯಲ್ಲಿ ಓದಿದ ಹಾಗೆಯೇ, ಪದವನ್ನು ಕೆಳಗಿಟ್ಟು ಪದವನ್ನು ಎತ್ತಿಕೊಳ್ಳುತ್ತ ನಡೆಯತೊಡಗಿದಳು. ಬೆನ್ನಟ್ಟಿದವನು ಅವನೇ. ಸಕಾರ ಮಾತ್ರ ಹಾಗೇ ಸೋರುತ್ತಿತ್ತು, ಸಣ್ಣಗೆ, ಅಳುಕುತ್ತ.

"ಯಾರು ಇಟ್ಟಿದ್ದು ಇದನ್ನ?" ಅವನ ದನಿ ಏರಿತ್ತು.

"ನಾನಲ್ಲಪ್ಪ! ಇದು ಮಾವನ ಹಳೇ ಫೋನು ತಾನೆ? ಅವನಿಗೆ ಎಲ್ಲದಕ್ಕೂ ಅವಸರ. ಮದ್ವೆ ಮನೇಲೂ ಮೊದಲ ಪಂಕ್ತೀಗೇ ಓಡೋನು." ಅವಳು ರಿಬ್ಬನ್ನಿನ ಸಂದಿನಿಂದ ನಕ್ಕಳು. "ಅಂದ್ರೆ ಮೂರು ವರ್ಷ ನಿನಗೆ ಗೊತ್ತೇ ಆಗ್ಲಿಲ್ವಾ? ಅಮ್ಮಾ, ಬಾ ಇಲ್ಲಿ, ಕೇಳು..."

ಹೆಂಡತಿ ಒಳಗಿನಿಂದಲೇ, "ನಿಮ್ಮಪ್ಪಂಗೆ ನಾನು ಮಾತಾಡೋದೇ ಗೊತ್ತಾಗಲ್ಲ, ಅದು ಎಲ್ಲಿ ಗೊತ್ತಾಗ್ಬೇಕು," ಎಂದಳು. ಇಬ್ಬರೂ ನಕ್ಕರು. ಅವನೂ ನಕ್ಕ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಇನ್ನೂರ ಹದಿನಾಲ್ಕು ಅಭಿಪ್ರಾಯಗಳು. ಅವಸರ ಎಂದು ತಾನು ಬೈದವರೆಲ್ಲ ಸರಿಯಾಗಿ ಓದಿದವರು. 'ಇವರ ನಿಧಾನಕ್ಕೆ ನಮಸ್ಕಾರ' ಎಂದು ತಾನು ಹೊಗಳಿದ್ದ ಒಬ್ಬನನ್ನು ಹುಡುಕಿ ಸರಿಯಾದ ವೇಗದಲ್ಲಿ ಕೇಳಿದ. ಆತ ನಿದ್ದೆಯಲ್ಲಿ ಓದುತ್ತಿದ್ದ. ಅವನಿಗೆ ಅಲ್ಲೇ, ಬಕೆಟ್ಟಿನ ಮೇಲೆ ಕೂತಲ್ಲೇ, ಮೈಯೆಲ್ಲ ಬೆತ್ತಲಾದಂತೆ ಆಯಿತು. ಯಾರಾದರೂ ಬಾಗಿಲು ತಳ್ಳಿಬಿಡುತ್ತಾರೆ ಎನ್ನುವ ಗಾಬರಿಯಲ್ಲಿ ಬೆರಳು ತಾನಾಗಿಯೇ ಓಡಿತು: ಖಾತೆ ಅಳಿಸಬೇಕೆ? ಹೌದು. ಎಲ್ಲ ಅಭಿಪ್ರಾಯಗಳೂ ಹೋಗುತ್ತವೆ, ಖಚಿತವೆ? ಹೌದು. ಮೂಲೆಕಿವಿ ಎಂಬವನು ಎಂದೂ ಇರಲಿಲ್ಲ ಎಂಬಂತೆ ಪರದೆ ಬೆಳ್ಳಗಾಯಿತು. ಒಂದು ಗಳಿಗೆ ಹಗುರವೂ ಆಯಿತು. ಆ ಹಗುರದಲ್ಲೇ ಅವನು ನಿರ್ಧಾರ ಮಾಡಿದ್ದು. ನಾಳೆ ಹಲ್ಲು ಕೊಡುವಾಗ ಹೇಳಿಬಿಡಬೇಕು. ಆಕೆ ಬೈಯಲಿ, ಡಾಕ್ಟರಮ್ಮ ಇನ್ನು ಕೆಲಸ ಕೊಡದೆ ಹೋಗಲಿ. ಆ ತಂಗಿ ಮನೆಗೆ ಬರಬೇಕು. ಅಷ್ಟಾದರೆ ಸಾಕು.

ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಆ ಸವೆದ ಜೋಡಿ ಆಗಲೇ ಅಲ್ಲಿತ್ತು. ಅವನು ತನ್ನದನ್ನು ಸ್ವಲ್ಪ ದೂರ ಬಿಟ್ಟ. ಡಾಕ್ಟರಮ್ಮ ಡಬ್ಬಿ ತೆರೆದು, ಸೆಟ್ಟನ್ನು ಬೆಳಕಿಗೆ ಹಿಡಿದು, ಹುಬ್ಬು ಏರಿಸಿದರು. ಅವರಲ್ಲಿ ಅದು ದೊಡ್ಡ ಹೊಗಳಿಕೆ. ಬಾಯಲ್ಲಿ ಅದು ಒಂದೇ ಸಲಕ್ಕೆ ಕೂತಿತು. ಕಚ್ಚಿ, ಬಿಡಿ, ಎಡಕ್ಕೆ, ಬಲಕ್ಕೆ. ಎಲ್ಲೂ ಕೆರೆಯಬೇಕಾಗಲಿಲ್ಲ. "ಒಂದು ಹತ್ತು ನಿಮಿಷ ಓದಿ, ಇವರು ಕೇಳ್ತಾರೆ. ಆ ಕಡೆ ಒಬ್ಬರ ಬಾಯಿ ತೆರೆದಿಟ್ಟು ಬಂದಿದೀನಿ," ಎಂದು ಡಾಕ್ಟರಮ್ಮ ಮರದ ಅಡ್ಡಗೋಡೆಯ ಆಚೆಗೆ ಹೋದರು. ಅಲ್ಲಿಂದ ಡ್ರಿಲ್ಲಿನ ಕೀರಲು ಬಿಟ್ಟು ಬಿಟ್ಟು ಬರುತ್ತಿತ್ತು.

ಆಕೆ ಕೈಗನ್ನಡಿಯಲ್ಲಿ ನೋಡಿಕೊಂಡರು. ಬಾಯಿಗೆ ಅಡ್ಡ ಬರಲು ಹೊರಟ ಕೈ ಅರ್ಧಕ್ಕೇ ನಿಂತಿತು. ಆಮೇಲೆ ಪುಸ್ತಕ ತೆಗೆದು ಓದತೊಡಗಿದರು. ಮೂರು ವರ್ಷ ತಾನು ಕೇಳಿದ್ದು ಇದರ ನೆರಳನ್ನು ಎಂದು ಅವನಿಗೆ ತಿಳಿಯಿತು. ಸಕಾರ ಹೊಸ ಬ್ಲೇಡಿನ ಹಾಗೆ ಶುದ್ಧವಾಗಿ ಕೊಯ್ದು ಹೋಗುತ್ತಿತ್ತು. ಉಸಿರು ತನ್ನ ಜಾಗದಲ್ಲಿ ಬಂದು ತನ್ನ ಜಾಗದಲ್ಲಿ ಹೋಗುತ್ತಿತ್ತು. ಸುಮ್ಮನೆ ಕೇಳುತ್ತ ಕೂತುಬಿಡಬಹುದು, ಹತ್ತು ನಿಮಿಷ ಕಳೆದರೆ ಆಕೆ ಎದ್ದು ಹೋಗುತ್ತಾರೆ, ನಾಳೆ ಪರೀಕ್ಷೆ ಗೆಲ್ಲುತ್ತಾರೆ, ಇನ್ನೇನು ಬೇಕು ಎಂದು ಒಳಗಿನಿಂದ ಏನೋ ಮೆಲ್ಲಗೆ ಹೇಳಿತು. ಅದು ಹೇಳುತ್ತಿರುವಾಗಲೇ ಅವನು ಬಾಯಿಬಿಟ್ಟ.

"ಅದನ್ನ ಬರೆದಿದ್ದು ನಾನು ಮೇಡಂ."

ಆಕೆ ವಾಕ್ಯ ಮುಗಿಸಿ ತಲೆಯೆತ್ತಿದರು. "ಏನನ್ನ?"

"ಮೂಲೆಕಿವಿ. ಅದು ನಾನೇ. ನಿಮ್ಮ ತಂಗಿ ಅಲ್ಲ."

ಆಕೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಉಗುರಿನ ಸಂದಿಯ ಪ್ಲಾಸ್ಟರು, ಅಂಗಿಯ ಮೇಲಿನ ಮೇಣದ ಕಲೆ, ಬರಿಗಾಲು. ಮುಖದಲ್ಲಿ ಮೊದಲು ಬಂದದ್ದು ಕೋಪವಲ್ಲ, ಒಂದು ರೀತಿಯ ಕನಿಕರ.

"ಯಾಕೆ ಹೀಗೆ ಹೇಳ್ತಿದೀರಿ? ನನ್ನ ಸಮಾಧಾನಕ್ಕಾ?"

"ಅಲ್ಲ. ನಿಜವಾಗ್ಲೂ ನಾನೇ. ನನ್ನ ಫೋನಲ್ಲಿ ಸ್ಪೀಡು ಜಾಸ್ತಿ ಇತ್ತು. ನನಗೆ ಗೊತ್ತಿರ್ಲಿಲ್ಲ. ಅದಕ್ಕೇ ನೀವು ಓಡ್ತೀರಿ ಅನ್ನಿಸ್ತು. ನೀವು ಓಡ್ಲಿಲ್ಲ. ನನ್ನದು ತಪ್ಪು."

"ಹಲ್ಲು?"

"ಹಲ್ಲು ಕೇಳಿಸ್ತು."

"ಹಲ್ಲು ಕೇಳಿಸ್ತಾ!" ಆಕೆ ನಕ್ಕರು. ಕೈ ಅಡ್ಡ ಬರಲಿಲ್ಲ. "ನನ್ನ ಓದನ್ನ ದುಡ್ಡು ಕೊಟ್ಟು ತಿದ್ದೋರು ಕೂತು ಕೇಳಿದಾರೆ ರೀ, ದೊಡ್ಡ ದೊಡ್ಡ ಮಷೀನಿಟ್ಟು. ಅವರಿಗೆ ಕೇಳಿಸ್ಲಿಲ್ಲ. ಎಲ್ಲಿ, ತೋರಿಸಿ ನೋಡೋಣ ಆ ಮೂಲೆಕಿವೀನ."

ಅವನು ಜೇಬಿಗೆ ಕೈ ಹಾಕಿದವನು ಹಾಗೇ ನಿಂತ. "ಅಳಿಸಿಬಿಟ್ಟೆ. ನಿನ್ನೆ."

ಅಡ್ಡಗೋಡೆಯ ಆಚೆ ಡ್ರಿಲ್ಲು ನಿಂತಿತು. ಯಾರೋ ಉಗುಳಿದ ಸದ್ದು, ಮತ್ತೆ ಡ್ರಿಲ್ಲಿನ ಕೀರಲು. ಆಕೆಯ ಮುಖದ ಕನಿಕರ ನಿಧಾನವಾಗಿ, ಆಕೆಯ ಓದಿನಷ್ಟೇ ನಿಧಾನವಾಗಿ, ಹೊರಟುಹೋಯಿತು.

"ಹೌದು. ನಿನ್ನೆ ಅಳಿಸಿಹೋಗಿದೆ. ಬೆಳಿಗ್ಗೆ ನೋಡ್ದೆ ನಾನು." ಆಕೆ ಪುಸ್ತಕ ಮುಚ್ಚಿದರು. "ಮಂಗಳವಾರ ನಿಮ್ಮಿಬ್ಬರ ಮುಂದೆ ಹೇಳ್ದೆ, ಯಾರು ಬರೆದಿದ್ದು ಅಂತ ನನಗೆ ಗೊತ್ತು ಅಂತ. ಬುಧವಾರ ಅದು ಮಾಯ. ಗುರುವಾರ ನೀವು ಬಂದು ನಾನು ಅಂತೀರಿ. ನೀವು ಅವಳಿಗೆ ಏನಾಗ್ಬೇಕು?"

"ಯಾರಿಗೆ?"

"ನನ್ನ ತಂಗಿಗೆ."

"ನಾನು ಅವರನ್ನ ನೋಡೇ ಇಲ್ಲ ಮೇಡಂ! ಬೇಕಾದ್ರೆ ಕೇಳಿ..." ಪುರಾವೆ ಬೇಕು, ತನ್ನ ಬಳಿ ಇರುವ ಪುರಾವೆ ಒಂದೇ, ಕಿವಿ. "ಒಂಬತ್ತನೇ ಅಧ್ಯಾಯ. ಕಥೇಲಿ ಅವಳು ಪೆಟ್ಟಿಗೆ ತೆಗೆಯೋ ಜಾಗ. 'ಅದರಲ್ಲಿ' ಅಂತ ಹೇಳಿ ನೀವು ನಿಲ್ಲಿಸ್ತೀರಿ. ಕಥೆಗೋಸ್ಕರ ನಿಲ್ಲಿಸಿದ್ದಲ್ಲ ಅದು. ನಾಲಿಗೆಯಿಂದ ಹಲ್ಲನ್ನ ಒಳಗಡೆಯಿಂದ ಒತ್ತಿ ಹಿಡ್ಕೊಂಡ್ರಿ. ಮುಂದಿನ ಎಡಗಡೇದು. ಸಣ್ಣ ಸದ್ದು ಬಂತು. ಆಮೇಲೆ 'ಸೀರೆ' ಅಂದ್ರಿ."

ಆಕೆ ಬೆಳ್ಳಗಾದರು. ನಾಲಿಗೆ ಮುಚ್ಚಿದ ತುಟಿಯ ಹಿಂದೆ ಎಡಕ್ಕೆ ಹೋದದ್ದು ಅವನಿಗೆ ಕಾಣಿಸಿತು. ನಂಬಿದರು ಎಂದುಕೊಂಡ.

"ನಾಲಿಗೆಯಿಂದ ಒತ್ತಿ ಹಿಡ್ಕೋತಿದ್ದೆ ಅನ್ನೋದು," ಎಂದರು ಆಕೆ, ತೀರಾ ಮೆಲ್ಲಗೆ, "ನಾನು ಅವಳೊಬ್ಬಳಿಗೆ ಹೇಳಿದ್ದು. ಅಡುಗೆಮನೇಲಿ. ಬಾಗಿಲು ಹಾಕಿಕೊಂಡು."

"ಮೇಡಂ, ಅಲ್ಲ..."

"ಎಡಗಡೇದು ಅಂತಾನೂ ಹೇಳಿಕೊಟ್ಟಿದಾಳೆ."

ಕೈಚೀಲದ ಕೊಂಡಿ ಟಕ್ಕೆಂದಿತು. ಆಕೆ ಫೋನು ತೆಗೆದರು, ಹೆಸರು ಹುಡುಕಬೇಕಾಗಲಿಲ್ಲ. ಬೆರಳಿಗೆ ಇನ್ನೂ ಆ ನಂಬರು ಗೊತ್ತಿತ್ತು. ಅತ್ತ ಒಂದೇ ರಿಂಗಿಗೆ ಎತ್ತಿದರು, ಫೋನನ್ನು ಎಂಟು ತಿಂಗಳಿಂದ ಕೈಯಲ್ಲೇ ಹಿಡಿದು ಕೂತಿದ್ದವರಂತೆ. "ಅಕ್ಕಾ!" ಎಂಬ ಒಂದು ಶಬ್ದ. ಅವನು ಮೂರು ಹೆಜ್ಜೆ ದೂರದಲ್ಲಿದ್ದ, ಆದರೂ ಅವನ ಕಿವಿಗೆ ಅದು ಪೂರ್ತಿ ಬಂದು ಬಿತ್ತು. ಅದರ ಮೊದಲರ್ಧ ಸಂತೋಷ, ಉಳಿದರ್ಧ ಅಳು, ನಡುವೆ ಎಲ್ಲೂ ಬಿರುಕಿಲ್ಲ. ಯಾವ ಪುಸ್ತಕದಲ್ಲೂ ಯಾರೂ ಹಾಗೆ ಓದಿದ್ದಿಲ್ಲ.

"ಸಾಕು ಮಾಡು," ಎಂದರು ಆಕೆ. "ಅಕ್ಕ ಪಕ್ಕ ಏನೂ ಬೇಡ. ಸುಳ್ಳು ಸಾಕಿ ಸಾಕಿ ಈ ಸಲ ಸಾಕ್ಷಿ ಸಮೇತ ಸಿಕ್ಕಿಬಿದ್ದೆ. ಹಲ್ಲು ಮಾಡೋನನ್ನೂ ಬಿಡ್ಲಿಲ್ವಲ್ಲೇ. ನಾಚಿಕೆ ಆಗ್ಲಿಲ್ವಾ ಅವರ ಕೈಲಿ ತಪ್ಪು ಒಪ್ಪಿಸೋಕೆ?"

"ನಾನೇ ಬರೆದದ್ದು!" ಅವನು ಮುಂದೆ ಬಂದು ಫೋನಿನ ಕಡೆಗೆ ಬಾಗಿ ಕೂಗಿದ. ಅವನ ದನಿ ಅವನಿಗೇ ಅಪರಿಚಿತವಾಗಿ, ಹರಿದ ಬಟ್ಟೆಯಂತೆ ಬಂತು. "ಅಮ್ಮಾ, ಅವರಿಗೆ ಹೇಳಿ, ನಾನ್ಯಾರೋ ನಿಮಗೆ ಗೊತ್ತಿಲ್ಲ ಅಂತ ಹೇಳಿ!"

"ಯಾರಕ್ಕಾ ಅದು?" ಎಂದಿತು ಫೋನು.

"ಯಾರು ಅಂತ ನೀನೇ ಕೇಳ್ತೀಯಲ್ಲ. ನೀನು ಕಳಿಸಿದೋನು." ಆಕೆಯ ದನಿ ಏರಲಿಲ್ಲ. ಒಂದೊಂದು ಪದವನ್ನೂ ಇಟ್ಟು, ನಿಂತಿತೇ ಎಂದು ನೋಡಿ, ಮುಂದಿನದನ್ನು ಎತ್ತಿಕೊಂಡರು. "ಕೇಳಿಸ್ಕೋ. ನಾನು ಸತ್ತೆ ಅಂತ ಸುದ್ದಿ ಬಂದ್ರೂ ನನ್ನ ಹೊಸಿಲ ಹತ್ರ ಸುಳೀಬೇಡ. ನಿನಗೆ ಅಕ್ಕ ಇಲ್ಲ. ಇದ್ದಳು, ಸತ್ತಳು."

ಅತ್ತಲಿಂದ ಅವನಿಗೆ ಕೇಳಿಸಿತು: ಒಂದು ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಅವನು ಅದಕ್ಕಾಗಿ ಕಾದ. ಆಕೆ ಫೋನು ಆರಿಸಿ ಚೀಲಕ್ಕೆ ಹಾಕುವವರೆಗೂ ಕಾದ.

ಡಾಕ್ಟರಮ್ಮ ಅಡ್ಡಗೋಡೆಯ ಅಂಚಿನಿಂದ ಮುಖ ಮಾತ್ರ ಹೊರಗೆ ಹಾಕಿದರು, ಮೂಗಿನ ಮೇಲಿನ ಮುಖಗವಸನ್ನು ಗಲ್ಲಕ್ಕೆ ಎಳೆದುಕೊಂಡು. ಮಾತು ಏನೆಂದು ಅವರಿಗೆ ಡ್ರಿಲ್ಲಿನ ನಡುವೆ ತಿಳಿದಿರಲಿಲ್ಲ, ದನಿಯಷ್ಟೇ ಮುಟ್ಟಿತ್ತು. "ಆಹಾ, ಅಲ್ಲೀವರೆಗೂ ಬಂತು ನೋಡಿ, ಒಂದೊಂದೂ ಮುತ್ತು! ನಾಳೆ ಪರೀಕ್ಷೆ ನಿಮ್ಮದೇ ಬಿಡಿ."

ಆಕೆ ಕನ್ನಡಿ ಎತ್ತಿ ತುಟಿ ಸರಿಸಿ ಇನ್ನೊಮ್ಮೆ ನೋಡಿಕೊಂಡರು. ಕಣ್ಣಂಚು ಒರೆಸಿಕೊಂಡರು. ಆಮೇಲೆ, ಕೆಲಸ ಮಾಡಿಕೊಟ್ಟವರಿಗೆ ಹೇಳಬೇಕಾದ್ದನ್ನು ಹೇಳದೆ ಹೋಗುವವರಲ್ಲದ ಕಾರಣ, ಅವನ ಮುಖ ನೋಡದೆ, ಅವನ ಕೈಗಳ ಕಡೆಗೆ ಹೇಳಿದರು:

"ಚೆನ್ನಾಗಿ ಕೂತಿದೆ ರೀ. ಎಲ್ಲೂ ತಡೀಲಿಲ್ಲ."